ಬಿಸಿಲುಗುದುರೆಗೆ ಉರ್ದುವಿನಲ್ಲಿ ಏನನ್ನುತ್ತಾರೆ

ಅಫಜಲಪುರದಿಂದ ಚೌಡಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ಓಡುವಾಗ ಒಂದು ಹಂತ ದಾಟಿದ ಮೇಲೆ ನೀರಡಿಕೆ ಸಂಕಟವಾಗಿ ಉಳಿಯುತ್ತಿರಲಿಲ್ಲ. ಮುರ್ತುಜಾನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮೊದಲು ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಆಮೇಲೆ ಕಿವಿಯೊಳಗೆ ದೂರದ ಹತ್ತಿ ಗಿರಣಿಯ ಸದ್ದು. ಅದೂ ನಿಂತ ಮೇಲೆ ಮೈ ಹಗುರಾಗಿ, ಕಾಲುಗಳು ಬೇರೆ ಯಾರವೋ ಎಂಬಂತೆ ತಮ್ಮಷ್ಟಕ್ಕೆ ತಾವೇ ಬಿದ್ದು ಏಳುತ್ತಿದ್ದವು. ಎರಡೂ ಬದಿಗೆ ಜೋಳ ಕೊಯ್ದ ಹೊಲಗಳು, ಬಿರುಕು ಬಿಟ್ಟ ಎರೆನೆಲ. ಅದರ ಮೇಲೆ ಗಾಳಿ ನಡುಗುತ್ತಿತ್ತು. ದೂರದ ಜಾಲಿಗಿಡ ನೆಲ ಬಿಟ್ಟು ಮೇಲೆದ್ದು ತೇಲುತ್ತಿತ್ತು. ಎದುರಿಗೆ ಬರುವ ಎತ್ತಿನ ಗಾಡಿಗೆ ಚಕ್ರಗಳೇ ಇರುತ್ತಿರಲಿಲ್ಲ. ಅದು ನೀರೊಳಗಿಂದ ಮೆಲ್ಲಗೆ ಎದ್ದು ಬಂದು, ಹತ್ತಿರವಾದಂತೆ ಚಕ್ರ ಮೂಡಿಸಿಕೊಂಡು, ದಡಬಡ ಸದ್ದು ಮಾಡುತ್ತ ಹಾದು ಹೋಗುತ್ತಿತ್ತು. ಅಷ್ಟು ಹೊತ್ತು ಭಯ ಎನ್ನುವುದು ಇರುತ್ತಿರಲಿಲ್ಲ. ಆ ರಸ್ತೆಯಲ್ಲಿ ಯಾರಿಗಾದರೂ ಏನಾದರೂ ಆಗಬಹುದು ಎಂಬ ಯೋಚನೆಯೂ ಬರುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ವರ್ಷಗಳವು. ಕಾಲೇಜಿನ ಓಟಗಾರರು ಬೇಸಿಗೆ ರಜೆಗೆ ಊರಿಗೆ ಹೋಗದೆ ಅಫಜಲಪುರದ ಖಾಲಿ ಶಾಲೆಯೊಂದರಲ್ಲಿ ಬೀಡುಬಿಟ್ಟಿದ್ದರು. ಹೈದರಾಬಾದಿನಲ್ಲಿ ಕಾಲೇಜು ಕಾಲೇಜುಗಳ ನಡುವೆ ದೂರದ ಓಟದ ಪಂದ್ಯವಿತ್ತು. ಅದನ್ನು ಗೆದ್ದೇ ತೀರಬೇಕೆಂದು ಡ್ರಿಲ್ ಮಾಸ್ತರ ತಾತ್ಯಾರಾವ ಈ ರಸ್ತೆಯನ್ನು ಆರಿಸಿಕೊಂಡಿದ್ದರು. ಮರವಿಲ್ಲ, ತಿರುವಿಲ್ಲ, ನೋಡುವವರಿಲ್ಲ. ಓಟ ಶುರುವಾಗುತ್ತಿದ್ದದ್ದು ಹೊತ್ತು ನೆತ್ತಿಗೆ ಬರುವಾಗ. ಪ್ರತಿಯೊಬ್ಬನ ಬಾಯಲ್ಲೂ ಒಂದು ಹರಳುಕಲ್ಲು. ಉಗುಳು ಬತ್ತಬಾರದು ಎಂದು ಅದನ್ನು ಇಡಿಸುತ್ತಿದ್ದರು. ಓಟದ ಕೊನೆಗೆ ಮಾಸ್ತರರು ನೀರಿನ ಕೊಡ ಇಟ್ಟುಕೊಂಡು ಛತ್ರಿಯ ನೆರಳಲ್ಲಿ ಕಾಯುತ್ತಿದ್ದರು. ಬಂದವರಿಗೆ ಬಂದ ಸಾಲಿನಲ್ಲಿ ಒಂದೊಂದು ತಂಬಿಗೆ ನೀರು. ಎಲ್ಲರಿಗಿಂತ ಹಿಂದೆ ಬಂದವನಿಗೆ ಮಾತ್ರ ಇಲ್ಲ. ಅವನ ಪಾಲಿನ ತಂಬಿಗೆಯನ್ನು ಅವನ ಕಣ್ಣೆದುರಿಗೇ ನೆಲಕ್ಕೆ ಸುರಿಯುತ್ತಿದ್ದರು. ಎರೆನೆಲ ಆ ನೀರನ್ನು ಸದ್ದು ಮಾಡಿ ಕುಡಿಯುತ್ತಿತ್ತು.

"ನೋಡೋ ಬಾಳಾ, ನಿನಗಿಂತ ನೆಲಾನೇ ಜಲ್ದಿ ಐತಿ," ಎಂದು ಅವರು ನಗುತ್ತಿದ್ದರು. ಪ್ರತಿ ಹುಡುಗನೂ ಅವರಿಗೆ ಬಾಳಾ, ಮರಾಠಿಯಲ್ಲಿ ಮಗು. ನೀರು ಕುಡಿದವರೂ ನಗಬೇಕಾಗುತ್ತಿತ್ತು.

ಹೀಗಿದ್ದರೂ ಹುಡುಗರಿಗೆ ಅವರ ಮೇಲೆ ಜೀವ. ಸಂಜೆಯಾದರೆ ಅದೇ ತಾತ್ಯಾರಾವ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು, ಒಬ್ಬೊಬ್ಬನ ಮೀನಖಂಡವನ್ನೂ ತಮ್ಮ ಕೈಯಿಂದಲೇ ನೀವುತ್ತಿದ್ದರು. ಅತನೂರಿನ ಮುರ್ತುಜಾನಿಗೆ ಬದುಕಿನಲ್ಲಿ ಮೊದಲ ಸಲ ಕ್ಯಾನ್ವಾಸ್ ಬೂಟು ತೊಡಿಸಿದವರು ಅವರೇ. ದಾರ ಕಟ್ಟಲು ಬರದೆ ಅವನು ನಿಂತಾಗ ಮೊಣಕಾಲೂರಿ ಕೂತು ಕಟ್ಟಿದ್ದರು. ಅಷ್ಟು ದೊಡ್ಡ ಮನುಷ್ಯ ತನ್ನ ಪಾದದ ಹತ್ತಿರ ಕೂತದ್ದನ್ನು ಅವನು ಮರೆತಿರಲಿಲ್ಲ.

ಭೀಮಶಾ ನೆಲೋಗಿಯವನು. ಮುರ್ತುಜಾನ ಜೊತೆ ಒಂದೇ ಬೆಂಚಿನಲ್ಲಿ ಕೂತು ವಿಜ್ಞಾನ ಓದುತ್ತಿದ್ದವನು. ನೆಲೋಗಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಉದ್ದ ಕಾಲು, ಒಳ್ಳೆಯ ಓಟ. ಆದರೆ ಆ ವಾರ ಹೊಟ್ಟೆ ಕೆಟ್ಟು ಹಿಂದೆ ಬೀಳುತ್ತಿದ್ದ. ಹಿಂದೆ ಬಿದ್ದವನಿಗೆ ನೀರಿಲ್ಲ, ನೀರಿಲ್ಲದವನು ಮರುದಿನವೂ ಹಿಂದೆಯೇ. ಒಂದು ದಿನ ಅವನು ಓಟದ ಕೊನೆಗೆ ಬರಲೇ ಇಲ್ಲ. ರಸ್ತೆ ಬಿಟ್ಟು ಹೊಲಕ್ಕಿಳಿದಿದ್ದ. ಕುರಿ ಕಾಯುವವರು ಸಂಜೆ ಒಂದು ಬನ್ನಿಗಿಡದ ಬುಡದಲ್ಲಿ ಅವನನ್ನು ಕಂಡಾಗ ಮೈ ಸುಡುತ್ತಿತ್ತು, ಬಾಯಲ್ಲಿ ಹರಳು ಹಾಗೇ ಇತ್ತು.

ಮಾಸ್ತರರು ಕಾಲೇಜಿಗೆ ಬೇರೆಯದನ್ನೇ ತಿಳಿಸಿದರು. ಭೀಮಶಾ ಶಿಸ್ತು ಮುರಿದು ಕ್ಯಾಂಪಿನಿಂದ ಓಡಿ ಹೋಗುತ್ತಿದ್ದ, ದಾರಿಯಲ್ಲಿ ಬಿದ್ದ, ಇಂಥವನ ಹೆಸರನ್ನು ಕಾಲೇಜಿನಿಂದ ಹೊಡೆದು ಹಾಕುವುದು ಒಳ್ಳೆಯದು ಎಂದು. ಅದು ಹಾಗೇ ಆಗಿಯೂ ಬಿಡುತ್ತಿತ್ತು. ಆದರೆ ಅವನ ತಾಯಿ ಗಂಗಾಬಾಯಿ ಜೇವರ್ಗಿಯ ತಹಸೀಲ ಕಚೇರಿಯ ಮೆಟ್ಟಿಲ ಮೇಲೆ ಬಂದು ಕೂತಳು. ಎಬ್ಬಿಸಿದರೆ ಕೆಳಗಿನ ಮೆಟ್ಟಿಲಿಗೆ ಸರಿದಳು. ಅಲ್ಲಿಂದ ಎಬ್ಬಿಸಿದರೆ ಮತ್ತೆ ಮೇಲಿನದಕ್ಕೆ ಹತ್ತಿದಳು. ಕೊನೆಗೆ ತಹಸೀಲದಾರ ಸಾಹೇಬರು ಬೇಸತ್ತು ಮೇಲಿನವರಿಗೆ ಹೇಳಿ ಕಳಿಸಿದರು. ಹೈದರಾಬಾದಿನ ವಿಶ್ವವಿದ್ಯಾಲಯವು ಒಬ್ಬ ಪ್ರೊಫೆಸರರನ್ನೂ ಬರೆದುಕೊಳ್ಳಲು ಒಬ್ಬ ಪೇಶಕಾರನನ್ನೂ ಮೋಟಾರಿನಲ್ಲಿ ಅಫಜಲಪುರಕ್ಕೆ ಅಟ್ಟಿತು.

ಅವರು ಬರುವ ಹಿಂದಿನ ಸಂಜೆ ತಾತ್ಯಾರಾವ ಎಣ್ಣೆ ನೀವುತ್ತ ನೀವುತ್ತ ಕೇಳಿದರು:

"ಮುರ್ತುಜಾ, ನಾವು ಯಾವಾಗ ಓಡ್ತೇವಿ?"

"ಮುಂಜಾನಿ ಓಡ್ತೇವ್ರಿ ಸರ್. ಹೊತ್ತು ಹುಟ್ಟೋದಕ್ಕ ಮೊದಲು."

"ಶಾಣ್ಯಾ ಅದಿ." ಅವರ ಹೆಬ್ಬೆರಳು ಮೀನಖಂಡದಲ್ಲಿ ಗಂಟಾಗಿದ್ದ ನರವನ್ನು ಹುಡುಕಿ ಮೆಲ್ಲಗೆ ಬಿಡಿಸಿತು. "ಹೈದರಾಬಾದಿನಾಗ ನೀ ಮುಂದ ಬರ್ತಿ. ನನಗ ಕನಸ ಬಿದ್ದೈತಿ."

ಮರುದಿನ ಡಾಕ್ ಬಂಗಲೆಯ ನಡುಮನೆಯಲ್ಲಿ ವಿಚಾರಣೆ ನಡೆಯಿತು. ಪ್ರೊಫೆಸರರು ಸಾಹಿತ್ಯ ಕಲಿಸುವವರು. ಬೆಳ್ಳಗಿನ ಗಡ್ಡ, ಕಪ್ಪು ಶೇರವಾನಿ, ಯಾರ ಮೇಲೂ ದನಿ ಏರಿಸದ ಮನುಷ್ಯ. ಹುಡುಗರು ಒಬ್ಬೊಬ್ಬರಾಗಿ ಬಂದು ಒಂದೇ ಮಾತು ಹೇಳಿ ಹೋದರು: ಓಟ ನಸುಕಿನಲ್ಲಿ, ತಂಪು ಹೊತ್ತಿನಲ್ಲಿ. ಮುರ್ತುಜಾನೂ ಹೇಳಿದ. ಅವನ ಉರ್ದು ಸ್ವಚ್ಛವಾಗಿತ್ತು. ಅದು ಪ್ರೊಫೆಸರರಿಗೆ ಹಿಡಿಸಿ, "ನೀನು ಇಲ್ಲೇ ಇರು," ಎಂದರು. ಯಾಕೆಂದರೆ ಮುಂದಿನವನು ಭೀಮಶಾ, ಮತ್ತು ಜ್ವರ ಇಳಿದ ಮೇಲೆ ಭೀಮಶಾನ ನಾಲಿಗೆ ಉರ್ದುವಿಗೆ ತಿರುಗುತ್ತಿರಲಿಲ್ಲ. ಕಾಲೇಜಿನ ಪಾಠಗಳೆಲ್ಲ ಉರ್ದುವಿನಲ್ಲಿಯೇ ನಡೆಯುತ್ತಿದ್ದವು. ಎರಡು ವರ್ಷ ಕಲಿತದ್ದನ್ನು ಬಿಸಿಲು ಒಂದೇ ಮಧ್ಯಾಹ್ನದಲ್ಲಿ ಒರೆಸಿ ಹಾಕಿದಂತಿತ್ತು. ಕನ್ನಡ ಮಾತ್ರ ಉಳಿದಿತ್ತು. ಅವನು ಹೇಳಿದ್ದನ್ನು ಮುರ್ತುಜಾ ಉರ್ದುವಿಗೆ ತಿರುಗಿಸಬೇಕು.

ಭೀಮಶಾ ತಾಯಿಯ ಹೆಗಲು ಹಿಡಿದು ಬಂದು ಕೂತ. ಕಣ್ಣು ಒಳಗೆ ಹೋಗಿದ್ದವು. ಮೂಲೆಯ ಕುರ್ಚಿಯಲ್ಲಿ ತಾತ್ಯಾರಾವ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

"ರಸ್ತೆ ಯಾಕೆ ಬಿಟ್ಟೆ ಎಂದು ಕೇಳು," ಎಂದರು ಪ್ರೊಫೆಸರರು.

"ರಸ್ತಾ ಯಾಕ ಬಿಟ್ಟಿ ಭೀಮಶಾ?"

ಭೀಮಶಾ ನಿದ್ದೆಯಲ್ಲಿ ಮಾತಾಡುವವನಂತೆ ಹೇಳಿದ: "ಬಿಸಿಲುಗುದುರಿ ಕಂಡ್ವು. ಭಾಳ ಇದ್ವು. ನನ್ನ ಮುಂದ ಮುಂದ ಓಡಾಕತ್ತಿದ್ವು. ಬೆನ್ನ ಹತ್ತಿದೆ."

ಮುರ್ತುಜಾ ಬಾಯಿ ತೆರೆದ. ಒಂದು ಕ್ಷಣ ಶಬ್ದ ಸಿಗಲಿಲ್ಲ. ಅವನ ಮನೆಯಲ್ಲಿ ದಖನಿ ಉರ್ದು ಆಡುವಾಗಲೂ ತಾಯಿ ವಜೀರುನ್ನಿಸಾ ಇದಕ್ಕೆ ಕನ್ನಡದ ಶಬ್ದವನ್ನೇ ಹಾಕುತ್ತಿದ್ದಳು. ಹೊಲದಲ್ಲಿ ಕಾಣುವ ವಸ್ತು, ಹೊಲದ ಮಾತು. ಅದಕ್ಕೆ ಬೇರೆ ಹೆಸರು ಬೇಕಾಗಿರಲಿಲ್ಲ. ಮೂಲೆಯ ಕುರ್ಚಿ ಕಿರ್ರೆಂದಿತು. ಅವನು ಇದ್ದ ಶಬ್ದವನ್ನೇ ಎರಡು ತುಂಡು ಮಾಡಿ ಉರ್ದುವಿಗೆ ಹಾಕಿದ: "ಧೂಪ್ ಕೆ ಘೋಡೆ ನೋಡಿದನಂತೆ, ಸಾಹೇಬ. ತುಂಬಾ ಇದ್ದವಂತೆ. ಅವುಗಳ ಬೆನ್ನು ಹತ್ತಿದನಂತೆ."

"ಬಿಸಿಲಲ್ಲಿ ನಿಂತ ಕುದುರೆಗಳೇ?" ಪ್ರೊಫೆಸರರು ಮುಗುಳ್ನಕ್ಕರು. "ಹುಡುಗುತನ."

ತಾತ್ಯಾರಾವ ಒಡನೆಯೇ ಬಾಗಿ, "ಹೌದು ಸಾಹೇಬ, ಆ ಕಡೆ ಜಹಗೀರದಾರರ ಕುದುರೆಗಳು ಮೇಯುತ್ತವೆ," ಎಂದರು. ಪೇಶಕಾರನ ಲೇಖಣಿ ಓಡಿತು: ಹುಡುಗ ಓಟ ಬಿಟ್ಟು ಕುದುರೆಗಳ ಹಿಂದೆ ಹೋದ.

ಗಂಗಾಬಾಯಿಗೆ ಉರ್ದು ಬರುತ್ತಿರಲಿಲ್ಲ. ಆದರೆ ಘೋಡಾ ಎಂದರೇನು ಎಂದು ಆ ಸೀಮೆಯಲ್ಲಿ ಯಾರಿಗೆ ತಿಳಿಯದು?

"ಕುದುರಿ?" ಎಂದು ಎದ್ದಳು. "ನನ್ನ ಮಗ ಕುದುರಿ ಕದಿಯಾಕ ಹೋಗಿದ್ನೇನ್ರಿ? ಲೇ ತಮ್ಮಾ, ಏನ್ ಹೇಳಿದಿ ಅವರಿಗಿ? ನಮ್ಮನ್ಯಾಗ ಒಂದ್ ಕತ್ತಿಮರೀನೂ ಇಲ್ಲ, ಕುದುರಿ ಏರಿ ಹೋಗ್ತಾನಂತ ಇಂವ!"

"ಯವ್ವಾ, ಕೂಡ್ರಿ. ನಾ ಇವ ಹೇಳಿದ್ದೇ ಹೇಳೇನಿ."

"ಇವ ಹೇಳಿದ್ದು ಬಿಸಿಲುಗುದುರಿ. ನೀ ಬಿಸಿಲು ಎಲ್ಲಿ ಬಿಟ್ಟಿ?"

ಭೀಮಶಾ ಗೆಳೆಯನ ಮುಖವನ್ನು ಸುಮ್ಮನೆ ನೋಡುತ್ತಿದ್ದ. ಉರ್ದು ನಾಲಿಗೆಯಿಂದ ಹೋಗಿದ್ದರೂ ಕಿವಿಯಿಂದ ಹೋಗಿರಲಿಲ್ಲ.

ಮುರ್ತುಜಾ ಆ ನೋಟ ತಾಳದೆ ಬಾಗಿಲಿನ ಆಚೆ ಕಣ್ಣು ಹಾಯಿಸಿದ. ಅಂಗಳದಾಚೆ ರಸ್ತೆ ಬಿಳಿಚಿಕೊಂಡು ಬಿದ್ದಿತ್ತು. ಅದು ಕೊನೆಯಾಗುವಲ್ಲಿ ನೀರು ಹೊಳೆಯುತ್ತಿತ್ತು. ಹೊಳೆದು, ನಡುಗಿ, ಹರಿದು, ಎಲ್ಲಿಗೂ ಹೋಗದೆ ಅಲ್ಲೇ ನಿಂತಿತ್ತು. ನೋಡುತ್ತ ನಿಂತವನಿಗೆ ಕೋಣೆಯ ಮಾತುಗಳು ದೂರವಾದವು. ಓಡುವಾಗ ಆಗುತ್ತಿತ್ತಲ್ಲ, ಅದೇ ಹಗುರು. ಆ ನೀರಿನ ಮೇಲೆ ಮೆಲ್ಲಗೆ ಒಂದು ಚಿತ್ರ ಬಂದು ಕೂತಿತು. ಭೌತಶಾಸ್ತ್ರದ ಪುಸ್ತಕದ ಚಿತ್ರ. ಒಂದು ಖರ್ಜೂರದ ಮರ, ಅದರ ಬುಡದಲ್ಲಿ ತಲೆಕೆಳಗಾದ ಅದೇ ಮರ, ಕೆಳಗೆ ಬಾಗಿ ಮತ್ತೆ ಮೇಲೇಳುವ ಚುಕ್ಕೆಚುಕ್ಕೆ ಗೆರೆಗಳು. ಕಾಯ್ದ ನೆಲಕ್ಕೆ ಹತ್ತಿರದ ಗಾಳಿ ತೆಳುವಾಗುತ್ತದೆ, ಆಕಾಶದ ಬೆಳಕು ಅಲ್ಲಿ ಬಾಗಿ ಕಣ್ಣಿಗೆ ಬರುತ್ತದೆ, ಕಣ್ಣು ಅದನ್ನು ನೀರೆಂದುಕೊಳ್ಳುತ್ತದೆ. ಚಿತ್ರದ ಕೆಳಗೆ ಒಂದೇ ಶಬ್ದ: ಸರಾಬ್. ಪರೀಕ್ಷೆಯಲ್ಲಿ ಅವನು ಅದನ್ನು ಬರೆದಿದ್ದ, ಪೂರ್ತಿ ಅಂಕ ಪಡೆದಿದ್ದ. ಅದು ಅರಬಸ್ತಾನದ ಮರಳುಗಾಡಿನಲ್ಲಿ ಆಗುವ ಸಂಗತಿ ಎಂದು ತಿಳಿದಿದ್ದ. ಹುಟ್ಟಿದಾಗಿನಿಂದ ಅತನೂರಿನ ಹೊಲದಲ್ಲಿ ಕಂಡದ್ದೂ ಅದೇ ಎಂದು ಈ ಹೊತ್ತಿನವರೆಗೆ ಅವನಿಗೆ ಹೊಳೆದಿರಲಿಲ್ಲ. ಎರಡು ಶಬ್ದಗಳು ತಲೆಯ ಎರಡು ಬೇರೆ ಕೋಣೆಗಳಲ್ಲಿ ಮಲಗಿದ್ದವು. ನಡುವಿನ ಕದವನ್ನು ಯಾರೂ ತೆರೆದಿರಲಿಲ್ಲ.

"ಸಾಹೇಬ," ಎಂದ. ದನಿ ತನ್ನದೇ ಅನ್ನಿಸಲಿಲ್ಲ. "ನಾನು ತಪ್ಪು ಹೇಳಿದೆ. ಕುದುರೆ ಅಲ್ಲ. ಸರಾಬ್."

ಪ್ರೊಫೆಸರರ ಮುಖ ಅರಳಿತು. ಆ ಶಬ್ದ ಅವರಿಗೆ ಹಳೆಯ ಗೆಳೆಯನಂತೆ. "ಓಹೋ, ಸರಾಬ್! ಎಷ್ಟು ಚೆಲುವಾದ ಹೆಸರಿದೆ ನಿಮ್ಮ ಭಾಷೆಯಲ್ಲಿ. ಬಿಸಿಲಿನ ಕುದುರೆ." ಆಮೇಲೆ ಸ್ವಲ್ಪ ದುಃಖದಿಂದಲೇ, "ಆದರೆ ಮಗು, ಸರಾಬ್ ಅಂದರೆ ಇಲ್ಲದ್ದು. ಕಣ್ಣಿನ ಮೋಸ. ಇವನು ಇಲ್ಲದ್ದನ್ನು ಕಂಡೆ ಎಂದು ತಾನೇ ಒಪ್ಪಿದಂತಾಯಿತಲ್ಲ? ಇವನ ಉಳಿದ ಮಾತನ್ನು ಹೇಗೆ ನಂಬಲಿ?" ಎಂದರು. ಪೇಶಕಾರ ಕುದುರೆಯನ್ನು ಹೊಡೆದು ಹಾಕಿ, ಹುಡುಗನಿಗೆ ಭ್ರಮೆ ಎಂದು ಬರೆಯತೊಡಗಿದ.

"ಕವಿತೆಯಲ್ಲಿ ಹಾಗೆ, ಸಾಹೇಬ. ಭೌತಶಾಸ್ತ್ರದಲ್ಲಿ ಹಾಗಲ್ಲ." ಮುರ್ತುಜಾ ರಸ್ತೆಯ ಕಡೆ ಕೈ ತೋರಿಸಿದ. "ನೀರು ಇರುವುದಿಲ್ಲ ನಿಜ, ಆದರೆ ಬೆಳಕು ಇರುತ್ತದೆ. ಅದು ನೋಡುವವನ ತಲೆಯ ದೋಷವಲ್ಲ. ಅಲ್ಲಿ ನಿಂತ ಯಾರಿಗಾದರೂ ಕಾಣುತ್ತದೆ. ನೆಲ ಮಾತ್ರ ಕಾಯ್ದಿರಬೇಕು." ಮುಂದಿನ ವಾಕ್ಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗೆ ಕಂಡಿತು. ಮೂಲೆಯಲ್ಲಿದ್ದವರಿಗೂ ಕಂಡಿತೇನೋ.

"ಮುರ್ತುಜಾ," ಎಂದರು ತಾತ್ಯಾರಾವ. ಗದರಲಿಲ್ಲ. ಸಂಜೆಯ ಹೊತ್ತು ಕರೆಯುವ ಹಾಗೆಯೇ ಕರೆದರು. "ಬಾಳಾ."

"ನಸುಕಿನಲ್ಲಿ ನೆಲ ತಣ್ಣಗಿರುತ್ತದೆ, ಸಾಹೇಬ. ನಸುಕಿನಲ್ಲಿ ಓಡಿದ್ದರೆ ಭೀಮಶಾನಿಗೆ ಅದು ಕಾಣಲು ಸಾಧ್ಯವಿರಲಿಲ್ಲ."

ಪೇಶಕಾರನ ಲೇಖಣಿ ನಿಂತಿತು.

"ನೀನೇ ಈಗ ತಾನೇ ನನ್ನ ಮುಂದೆ ಹೇಳಿದೆಯಲ್ಲ, ಓಟ ನಸುಕಿನಲ್ಲಿ ಎಂದು?" ಎಂದರು ಪ್ರೊಫೆಸರರು.

"ಸುಳ್ಳು ಹೇಳಿದೆ. ನಾವು ಓಡುವುದು ನಡು ಮಧ್ಯಾಹ್ನ. ಹಿಂದೆ ಬಂದವನಿಗೆ ನೀರು ಕೊಡುವುದಿಲ್ಲ. ಇವನಿಗೆ ಕೊಟ್ಟಿರಲಿಲ್ಲ. ನಾನು ಕುಡಿದಿದ್ದೆ."

ಗಂಗಾಬಾಯಿ ಒಬ್ಬೊಬ್ಬರ ಮುಖ ನೋಡಿದಳು. "ಏನಂದಿ? ಏನಂದ್ರ? ಯಾರರೆ ಕನ್ನಡದಾಗ ಹೇಳ್ರಿ."

ಪ್ರೊಫೆಸರರು ಗಡ್ಡ ನೀವುತ್ತ ಎದ್ದು, "ತೋರಿಸು," ಎಂದರು.

ಎಲ್ಲರೂ ಹೊರಗೆ ಬಂದರು. ಬಿಸಿಲು ತಲೆಯ ಮೇಲೆ ಕೈಯಿಟ್ಟು ಅದುಮಿದಂತಾಯಿತು. ರಸ್ತೆಯ ಅಂಚಿನಲ್ಲಿ ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡು ನಿಂತರು. ಮುಂದೆ, ಭೂಮಿ ಆಕಾಶಕ್ಕೆ ತಾಗುವ ಕಡೆ, ಅಗಲವಾದ ಕೆರೆಯೊಂದು ಹರಡಿಕೊಂಡಿತ್ತು. ದಂಡೆಯ ಜಾಲಿಗಿಡಗಳು ಅದರಲ್ಲಿ ತಲೆಕೆಳಗಾಗಿ ನಿಂತಿದ್ದವು. ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ನೀರಿನ ನಡುವೆ ನಡೆದು ಬರುತ್ತಿದ್ದಳು. ಅವಳ ಕೆಳಗೆ ಇನ್ನೊಬ್ಬಳು ಬುಟ್ಟಿಯನ್ನು ಕೆಳಗೆ ಮಾಡಿಕೊಂಡು, ಅದೇ ನಡಿಗೆಯಲ್ಲಿ ಅವಳ ಪಾದಕ್ಕೆ ಪಾದ ತಾಗಿಸಿ ನಡೆಯುತ್ತಿದ್ದಳು. ಗಾಳಿ ಬೀಸಿದಾಗ ಕೆರೆಯ ಅಂಚು ಹರಿದು ಚೂರುಚೂರಾಗಿ, ಒಂದೊಂದು ಚೂರೂ ಕತ್ತು ಎತ್ತಿ, ಕೇಸರ ಕೊಡವಿ ಓಡಿದಂತೆ ಕಂಡಿತು. ಪೇಶಕಾರನೂ ಬಾಯಿ ತೆರೆದು ನೋಡುತ್ತಿದ್ದ.

"ಸುಬ್ಹಾನಲ್ಲಾ," ಎಂದರು ಪ್ರೊಫೆಸರರು, ಬಹಳ ಮೆಲ್ಲಗೆ. ಇಷ್ಟು ವರ್ಷ ಪಾಠ ಹೇಳಿದ ಶಬ್ದವನ್ನು ಅವರು ಕಣ್ಣಿಂದ ನೋಡಿದ್ದು ಇದೇ ಮೊದಲಿರಬೇಕು. ತುಟಿ ಒಣಗಿ ನಾಲಿಗೆಯಿಂದ ಸವರಿಕೊಂಡರು. ಆಮೇಲೆ ತಿರುಗಿ ತಾತ್ಯಾರಾವರನ್ನು ಕೇಳಿದರು: "ಮಾಸ್ತರ್ ಸಾಹೇಬ, ನಿಮಗೆ ಏನು ಕಾಣುತ್ತದೆ?"

ತಾತ್ಯಾರಾವ ಸೈನಿಕನಂತೆ ನೆಟ್ಟಗೆ ನಿಂತಿದ್ದರು. ರೆಪ್ಪೆ ಮಿಟುಕಿಸದೆ ದೂರ ನೋಡುತ್ತ ಹೇಳಿದರು: "ನೀರು." ಆಮೇಲೆ, "ನನಗೂ ಹೀಗೇ ಕಲಿಸಿದ್ದರು, ಸಾಹೇಬ. ಪಲ್ಟಣಿನಲ್ಲಿ. ನಾನು ಸಾಯಲಿಲ್ಲ," ಎಂದರು.

ಆ ಮಾತು ಕೇಳಿ ಮುರ್ತುಜಾನಿಗೆ ಅವರ ಹತ್ತಿರ ಹೋಗಿ ನಿಲ್ಲಬೇಕು ಅನ್ನಿಸಿತು. ಅವನು ಹೋಗಲಿಲ್ಲ.

ಒಳಗೆ ಬಂದು ಪ್ರೊಫೆಸರರು ಸುರಾಹಿಯ ನೀರು ಕುಡಿದರು. ಭೀಮಶಾನಿಗೂ ತಮ್ಮ ಕೈಯಿಂದಲೇ ಕೊಟ್ಟರು. ತೀರ್ಮಾನ ಹೇಳುವಾಗ ಅವರ ದನಿ ಮತ್ತೆ ಮೊದಲಿನಂತೆ ಮೃದುವಾಗಿತ್ತು. ಹುಡುಗನ ಹೆಸರು ಕಾಲೇಜಿನಲ್ಲಿ ಉಳಿಯುತ್ತದೆ. ಕ್ಯಾಂಪು ಇಂದಿಗೆ ಮುಗಿಯಿತು. ಮುರ್ತುಜಾ ಸುಳ್ಳು ಸಾಕ್ಷಿ ಹೇಳಿದ್ದರಿಂದ ಹೈದರಾಬಾದಿನ ಪಂದ್ಯಕ್ಕೆ ಹೋಗುವಂತಿಲ್ಲ. ಇಲ್ಲಿ ನಡೆದದ್ದು ಇಲ್ಲೇ ಉಳಿಯಬೇಕು. ವಿಶ್ವವಿದ್ಯಾಲಯದ ಹೆಸರು ದೊಡ್ಡದು, ಕಟ್ಟಲು ವರ್ಷಗಳು ಬೇಕು. ಮಾಸ್ತರರ ಹಳೆಯ ಸೇವೆ ನೋಡಿ ಅವರನ್ನು ಆಳಂದದ ಕಡೆಯ ಒಂದು ಶಾಲೆಗೆ ವರ್ಗ ಮಾಡಲಾಗುವುದು.

ಹೈದರಾಬಾದು ಕೈತಪ್ಪಿತೆಂದು ತಿಳಿದಾಗ ಮುರ್ತುಜಾನಿಗೆ ನೋವಾಗಲಿಲ್ಲ. ನೋವು ಆಮೇಲೆ ಬರುತ್ತದೆ ಎಂದು ಅವನಿಗೆ ಗೊತ್ತಿತ್ತು, ಬಹುಶಃ ಮೈ ತಣ್ಣಗಾದ ಮೇಲೆ. ಅವನ ಕಿವಿಯಲ್ಲಿ ಉಳಿದದ್ದು ಕೊನೆಯ ವಾಕ್ಯ.

ಪ್ರೊಫೆಸರರು ಮೋಟಾರು ಹತ್ತಿದರು. ಡ್ರೈವರು ಹಿಡಿಕೆ ತಿರುವಿ ಎಂಜಿನ್ ಎಬ್ಬಿಸಿದ. ಮುರ್ತುಜಾ ಕಿಟಕಿಯ ಹತ್ತಿರ ಹೋಗಿ ಕೇಳಿದ: "ಸಾಹೇಬ, ಆಳಂದದಲ್ಲಿ ಬಿಸಿಲು ಕಡಿಮೆಯೇ?"

"ನೀನು ಜಾಣ," ಎಂದರು ಅವರು, ಅವನ ಕಡೆ ನೋಡದೆ. "ನಿನ್ನ ಓದು ನೋಡಿಕೋ."

ಅಷ್ಟರಲ್ಲಿ ಗಂಗಾಬಾಯಿ ಹಿಂದಿನಿಂದ ಅವನ ಅಂಗಿ ಎಳೆದಳು. "ಏನ್ ಹೇಳಿದ್ರು ಲೇ ತಮ್ಮಾ? ಪೂರಾ ಹೇಳು."

"ಭೀಮಶಾನ ಹೆಸರ ಉಳೀತ್ರಿ ಯವ್ವಾ. ಮಾಸ್ತರಿಗಿ ಆಳಂದದ ಕಡಿ ವರ್ಗಾ ಮಾಡ್ತಾರಂತ."

"ವರ್ಗಾ ಅಂದ್ರ?"

ಬೆಳಿಗ್ಗೆಯಾಗಿದ್ದರೆ ಅವನು ಅದಕ್ಕೊಂದು ಶಬ್ದ ಹುಡುಕಿ ಕೊಟ್ಟು ಸುಮ್ಮನಾಗುತ್ತಿದ್ದ. ಈಗ ಯೋಚಿಸಿ ಹೇಳಿದ: "ಬ್ಯಾರೆ ಹುಡುಗರ ಕಡಿ ಕಳಸ್ತಾರಂತ್ರಿ."

ಗಂಗಾಬಾಯಿ ಸೆರಗನ್ನು ಸೊಂಟಕ್ಕೆ ಬಿಗಿದು, ಮೋಟಾರಿನ ಮುಂದೆ ಬಂದು, ರಸ್ತೆಯ ಮೇಲೆಯೇ ಚಕ್ಕಳಬಕ್ಕಳ ಹಾಕಿ ಕೂತಳು. ಡ್ರೈವರು ಭೋಂಪು ಒತ್ತಿದ. ಅವಳು ಅದರ ಕಡೆ ನೋಡಲಿಲ್ಲ.

"ಹೇಳು ಅವ್ರಿಗಿ," ಎಂದಳು. "ಆಳಂದದಾಗೂ ಹುಡುಗರಿಗಿ ಅವ್ವಂದಿರ ಇರ್ತಾರ. ಮಾಸ್ತರ ಮಾಡಿದ್ದು ಇವ್ರು ಹೇಳಲಿಲ್ಲಂದ್ರ ನಾನೇ ಮನಿ ಮನಿ ತಿರುಗಿ ಹೇಳ್ತೇನಿ. ಜೇವರ್ಗಿ ಮೆಟ್ಲ ಮ್ಯಾಲ ಕುಂತಾಕಿಗಿ ಆಳಂದದಾಗ ಮೆಟ್ಲ ಸಿಗಂಗಿಲ್ಲೇನು? ಹೇಳು. ಒಂದೂ ಬಿಡಬ್ಯಾಡ."

"ಯವ್ವಾ, ಏಳ್ರಿ, ನೆಲ ಸುಡ್ತದ."

"ಸುಡ್ಲಿ. ನೀ ಹೇಳು ಮೊದಲ."

ಭೀಮಶಾ ಬಂಗಲೆಯ ಕಂಬಕ್ಕೆ ಒರಗಿ ನೋಡುತ್ತಿದ್ದ. ತಾತ್ಯಾರಾವ ಎಲ್ಲಿಯೂ ಕಾಣಲಿಲ್ಲ. ಮುರ್ತುಜಾ ಕಿಟಕಿಗೆ ಬಾಗಿ, ಉರ್ದುವಿನಲ್ಲಿ, ನಿಧಾನವಾಗಿ, ಒಂದೊಂದೇ ಮಾತು ತಿರುಗಿಸುತ್ತ ಹೋದ. ಅವ್ವಂದಿರು. ಮನೆ ಮನೆ. ಮೆಟ್ಟಿಲು. ಸುಡುವ ನೆಲದ ಮಾತನ್ನೂ ಸೇರಿಸಿದ. ಅದು ಅವಳ ಮಾತಲ್ಲ, ತನ್ನದು ಎಂದೂ ಹೇಳಿದ.

ಪ್ರೊಫೆಸರರು ರಸ್ತೆಯನ್ನೇ ನೋಡುತ್ತಿದ್ದರು. ಕೊನೆಗೆ ಡ್ರೈವರನ ಹೆಗಲು ಮುಟ್ಟಿದರು. ಎಂಜಿನ್ ನಿಂತಿತು. ಯುದ್ಧದ ಕಾಲ, ಪೆಟ್ರೋಲು ಸುಮ್ಮನೆ ಸುಡುವುದು ಬೇಡ ಎಂದಿರಬಹುದು. ಪೇಶಕಾರ ಮಾತ್ರ ಗೊಣಗುತ್ತ ಕೆಳಗಿಳಿದು, ಹಿಂದಿನ ಪೆಟ್ಟಿಗೆಯಿಂದ ತೀರ್ಮಾನದ ಕಾಗದ ಹೊರತೆಗೆದು, ಮಸಿಕುಡಿಕೆ ಹುಡುಕತೊಡಗಿದ.